ಬಾಗಿಲು ತೆಗೆದಳಾ, ಇಲ್ವಾ

ಹಲೋ… ಹಲೋ, ಯಾರು ಮಾತಾಡ್ತಿರೋದು? …

ಯಾರು? ಸ್ವಲ್ಪ ಗಟ್ಟಿಯಾಗಿ ಹೇಳಿ, ಇಲ್ಲಿ ನಲವತ್ತು ಹೊಲಿಗೆ ಮಷೀನ್ ಓಡ್ತಾ ಇದೆ. … ಹಾಂ, ಶರ್ಟ್ ಕಾರ್ಖಾನೆನೇ. ಸೂಪರ್‌ವೈಸರ್ ಬೇಕಿತ್ತಾ? ಅವರು ಗೋಡೌನ್ ಕಡೆ ಹೋಗಿದಾರೆ. … ಓದಕ್ಕನಾ? ಓದಕ್ಕ ಅಂದ್ರೆ ನಾನೇ. ನೀವು ಯಾರು ಅಂತ ಹೇಳ್ಲೇ ಇಲ್ಲ. …

ಯಾರು ಯಾರು? … ಇನ್ನೊಂದ್ಸಲ ಹೇಳಿ. … ಬಾಗಿಲಿನ ಕತೆ ಬರೆದೋರಾ? ವಾರಪತ್ರಿಕೇಲಿ ಬಂದಿತ್ತಲ್ಲ, ಒಬ್ಬ ತಾಯಿ ಮೂರು ಮಹಡಿ ಹತ್ತಿ ಮಗಳ ಮನೆ ಬಾಗಿಲಿಗೆ ಹೋಗ್ತಾಳೆ, ಆ ಕತೆ? ನೀವು ಬರೆದೋರೇನಾ, ಅಥವಾ ಪತ್ರಿಕೆ ಆಫೀಸಿನೋರಾ? … ಬರೆದೋರೇ. … ಒಂದು ನಿಮಿಷ ಇರಿ ಮೇಡಂ. ಇಟ್ಟುಗಿಟ್ಟೀರಿ ಮತ್ತೆ.

ಏ, ನಿಲ್ಲಿಸ್ರೇ ಮಷೀನು. ಅವಳೇ ಫೋನ್ ಮಾಡಿದಾಳೆ. ಕತೆ ಬರೆದೋಳು ಕಣ್ರೇ. ಕಾಜಕ್ಕ ಎಲ್ಲಿ? ಹೋಗಿಬಿಟ್ಳಾ? … ಚೀಲ ಇಟ್ಕೊಂಡು ಬಾಗಿಲ ಹತ್ರ ಕೂತಿದಾಳಾ? ಸರಿ, ಅಲ್ಲೇ ಹಿಡ್ಕೊಳ್ಳಿ ಅವಳನ್ನ. ಬಸ್ಸು ನಾಲ್ಕೂಕಾಲಿಗೆ, ಇನ್ನೂ ಟೈಮಿದೆ.

ಹಾಂ ಮೇಡಂ, ಹೇಳಿ. … ನನ್ನ ಕಾಗದ ಸಿಕ್ತಾ? ಯಾವುದು, ಮೊದಲನೇದಾ ಎರಡನೇದಾ? … ಎರಡನೇದು. ಮೊದಲನೇದನ್ನ ಆಫೀಸಿನಲ್ಲಿ ಯಾರೋ ಟೀ ಲೋಟದ ಕೆಳಗೆ ಇಟ್ಕೊಂಡಿರಬೇಕು. …

ಕೋಪದಲ್ಲಿ ಬರೆದ ಹಾಗಿತ್ತಾ? ಇಲ್ಲ ಇಲ್ಲ, ಕೋಪ ಅಲ್ಲ ಅದು. ಕೋಪ ಬಂದ್ರೆ ನಾನು ಕಾಗದ ಬರೆಯಲ್ಲ, ಎದುರಿಗೇ ಬಂದು ಮಾತಾಡ್ತೀನಿ. ಅದು ಅಸಹ್ಯ ಮೇಡಂ. ಅನ್ನದ ತಟ್ಟೆ ಮುಂದೆ ಕೂತ್ರೂ ನಿಮ್ಮ ಕತೆಯ ಕೊನೇ ಸಾಲು ನೆನಪಾಗಿ ತುತ್ತು ಇಳೀತಿರಲಿಲ್ಲ. …

ಯಾಕೆ ಅಂತ ಕೇಳ್ತೀರಾ? ಹೇಳ್ತೀನಿ. ಮೊದಲು ನಾವು ಹೇಗೆ ಓದ್ತೀವಿ ಅಂತ ತಿಳ್ಕೊಳ್ಳಿ. ನೀವು ಕುರ್ಚಿ ಮೇಲೆ ಒರಗಿಕೊಂಡು, ಕಾಲು ಮೇಲೆ ಕಾಲು ಹಾಕ್ಕೊಂಡು ಓದೋ ಹಾಗಲ್ಲ ಇಲ್ಲಿ. ಮಧ್ಯಾಹ್ನ ಎರಡರಿಂದ ಮೂರೂಮುಕ್ಕಾಲರವರೆಗೆ ನಾನು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಹತ್ತಿ ಕೂತು ಓದ್ತೀನಿ. ಅಷ್ಟು ಹೊತ್ತಿನಲ್ಲಿ ನಾನು ಹೊಲಿಯಬೇಕಾದ ಕಾಲರ್‌ಗಳನ್ನ ಉಳಿದೋರು ಹಂಚ್ಕೊಂಡು ಹೊಲೀತಾರೆ, ತಲೆಗೆ ಒಂದೋ ಎರಡೋ. ಹನ್ನೆರಡು ವರ್ಷದಿಂದ ಹೀಗೇ. ನನ್ನ ಹೆಸರೇ ಮರೆತುಹೋಗಿ ಓದಕ್ಕ ಅಂತ ಆಗಿದೆ. ಸೂಪರ್‌ವೈಸರ್ ಮೊದಮೊದಲು ಕೂಗಾಡಿದ್ರು, ಆಮೇಲೆ ಅವರೂ ಕಂಬದ ಹಿಂದೆ ನಿಂತು ಕೇಳೋಕೆ ಶುರು ಮಾಡಿದ್ರು. …

ನಗಬೇಡಿ, ಸುಲಭದ ಕೆಲಸ ಅಲ್ಲ ಅದು. ಇಷ್ಟು ಮಷೀನ್ ಸದ್ದಿನಲ್ಲಿ ಕೊನೇ ಸಾಲಿನವರೆಗೂ ಕೇಳಿಸಬೇಕು ಅಂದ್ರೆ ಗಂಟಲಿದ್ರೆ ಸಾಲದು, ವಾಕ್ಯದಲ್ಲೂ ಕಸುವು ಇರಬೇಕು. ಸೊರಗಿದ ವಾಕ್ಯ ಎರಡನೇ ಸಾಲು ದಾಟಲ್ಲ. ನಿಮ್ಮೋರಲ್ಲಿ ಎಷ್ಟು ಜನ ಬರೀತಾರೆ ನೋಡಿ, ಮೊದಲ ಒಂದು ಪುಟ ಪೂರ್ತಿ ಆಕಾಶ. ಆಕಾಶ ಹೀಗಿತ್ತು, ಮೋಡ ಹಾಗಿತ್ತು. ಅಷ್ಟರಲ್ಲಿ ನಮ್ಮ ಎಂಟು ಜನ ಒಟ್ಟಿಗೆ ಬಚ್ಚಲಿಗೆ ಎದ್ದು ಹೋಗಿರ್ತಾರೆ. ಎಂಟು ಜನ ಎದ್ರು ಅಂದ್ರೆ ಕತೆ ಸತ್ತಿದೆ ಅಂತ ನಮ್ಮ ಲೆಕ್ಕ. ಇನ್ನೊಂದು ಜಾತಿ ಇದೆ, ಕಿಟಕಿ ಹತ್ರ ನಿಂತ್ಕೊಂಡು ಯೋಚನೆ ಮಾಡೋ ಕತೆ. ಅವನು ಯೋಚಿಸಿದ, ಅವನು ಮತ್ತೆ ಯೋಚಿಸಿದ. ನಮ್ಮ ಇಸ್ತ್ರಿ ಅಜ್ಜಿ ಕೂಗ್ತಾಳೆ, ಅವನಿಗೆ ಕೆಲಸ ಇಲ್ವಾ ಓದಕ್ಕ, ಇಲ್ಲಿಗೆ ಕಳಿಸು ಮೂಟೆ ಹೊರ್ತಾನೆ ಅಂತ. …

ಹಾಂ, ಅದೇ. ಆಮೇಲೆ ಬುದ್ಧಿ ಹೇಳೋ ಕತೆ. ಅದಂತೂ ವಾಕರಿಕೆ. ನಮಗೆ ಬುದ್ಧಿ ಹೇಳೋಕೆ ಮನೇಲಿ ಅತ್ತೆ ಇದಾರೆ, ಇಲ್ಲಿ ಸೂಪರ್‌ವೈಸರ್ ಇದಾರೆ. ದುಡ್ಡು ಕೊಟ್ಟು ಪತ್ರಿಕೆ ತಗೊಂಡು ಅದರಲ್ಲೂ ಬೈಸ್ಕೋಬೇಕಾ? …

ಯಾವ ಕತೆ ಹಿಡಿಯುತ್ತೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ ಅಂದ್ರಾ? ಸದ್ದಿನಲ್ಲಿ. ಕತೆ ಚೆನ್ನಾಗಿ ಹೋಗ್ತಾ ಇದ್ರೆ ಮಷೀನೆಲ್ಲಾ ಒಂದೇ ಹದದಲ್ಲಿ ಓಡುತ್ತೆ, ಒಬ್ಬರೂ ಕತ್ತರಿ ಕೇಳಲ್ಲ, ದಾರ ಕೇಳಲ್ಲ. ಆಮೇಲೆ ಏನೋ ಆಗೋ ಹಾಗಿದೆ ಅನ್ನೋವಾಗ ಹಿಂದಿನ ಸಾಲಿನ ಮಷೀನು ಮೊದಲು ನಿಲ್ಲುತ್ತೆ, ಕೇಳಿಸ್ಲಿ ಅಂತ. ಆಮೇಲೆ ಮಧ್ಯದ ಸಾಲು. ಕೊನೆಗೆ ಮುಂದಿನ ಸಾಲು. ನಿಶ್ಶಬ್ದ. ಹನ್ನೆರಡು ವರ್ಷದಲ್ಲಿ ಮೂರೂ ಸಾಲು ನಿಂತದ್ದು ಒಂಬತ್ತೇ ಸಲ ಮೇಡಂ. ನಾನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೀನಿ. …

ಹೂಂ. ಒಂಬತ್ತನೇದು ನಿಮ್ಮದು. …

ಥ್ಯಾಂಕ್ಸ್ ಹೇಳಬೇಡಿ. ಅದಕ್ಕೇ ನಂಗೆ ಮೈ ಉರೀತಾ ಇರೋದು. ಕೆಟ್ಟ ಕತೆ ಆಗಿದ್ರೆ ಬಿಸಾಕಿ ಸುಮ್ಮನಾಗ್ತಿದ್ದೆ. ನಿಮ್ಮ ಕತೇಲಿ ಆ ತಾಯಿ ಮೊದಲನೇ ವಾಕ್ಯದಲ್ಲೇ ಬಸ್ಸಿಳಿದು ಮನೆ ನಂಬರ್ ಕೇಳ್ತಾಳೆ. ಆಕಾಶ ಇಲ್ಲ, ಮೋಡ ಇಲ್ಲ. ಹನ್ನೊಂದು ವರ್ಷದಿಂದ ಮಗಳ ಜೊತೆ ಮಾತಿಲ್ಲ ಅಂತ ಎರಡನೇ ವಾಕ್ಯ. ಯಾಕೆ ಮಾತಿಲ್ಲ ಅಂತ ಥಟ್ಟನೆ ಹೇಳ್ಲಿಲ್ಲ ನೀವು, ಮೆಟ್ಟಿಲಿಗೆ ಇಷ್ಟಿಷ್ಟೇ ಹೇಳಿದ್ರಿ. ಒಂದೊಂದು ಮಹಡಿಗೂ ಚೀಲಾನ ಬಲಗೈಯಿಂದ ಎಡಗೈಗೆ ಬದಲಾಯಿಸ್ತಾಳಲ್ಲ ಅವಳು, ಅಲ್ಲೇ ನಮ್ಮೋರು ಬಿದ್ದುಹೋದ್ರು. ಯಾಕೆ ಗೊತ್ತಾ? ಅವಳು ಅಳಲಿಲ್ಲ. ಎದೆ ಭಾರ ಅಂತ ನೀವು ಬರೆಯಲಿಲ್ಲ, ಚೀಲ ಭಾರ ಅಂತ ಬರೆದ್ರಿ. ಅಷ್ಟು ಸಾಕು, ಉಳಿದದ್ದು ನಮಗೇ ಗೊತ್ತಾಯ್ತು. ಬಾಗಿಲ ಮುಂದೆ ಮಗಳ ಚಪ್ಪಲಿ ನೋಡ್ತಾಳೆ, ಒಳಗಿದಾಳೆ ಅಂತ ಗೊತ್ತಾಗುತ್ತೆ, ಬೆಲ್ ಮೇಲೆ ಬೆರಳಿಡ್ತಾಳೆ. ಮೂರೂ ಸಾಲು ನಿಂತಿತ್ತು ಮೇಡಂ. …

ಆಮೇಲೆ ಏನು? ಆಮೇಲೆ ಬಚ್ಚಲ ಮನೆ ಹಾಸುಗಲ್ಲಿನ ಜಾಹೀರಾತು. …

ಹಾಂ, ಹೇಳಿ, ಕೇಳ್ತಾ ಇದೀನಿ. … ಓಹೋ. … ಹೂಂ. … ಓದುಗರೇ ಪೂರ್ತಿ ಮಾಡ್ಕೋಬೇಕು. … ಕೊನೆಯನ್ನ ತೆರೆದಿಟ್ಟಿದ್ದು. … ಮೇಡಂ, ಇದನ್ನ ನೀವು ಪತ್ರಿಕೆ ಸಂದರ್ಶನದಲ್ಲೂ ಹೇಳಿದ್ರಿ. ಅದನ್ನೂ ನಾನೇ ಓದಿದ್ದು, ಇದೇ ಮೇಜಿನ ಮೇಲೆ ಕೂತು. ಹನ್ನೊಂದು ಜನ ಬಚ್ಚಲಿಗೆ ಹೋದ್ರು. …

ಇಲ್ಲ, ಹಾಗಲ್ಲ. ನಮಗೆ ಅರ್ಥ ಆಗಲಿಲ್ಲ ಅಂತ ತಿಳ್ಕೋಬೇಡಿ. ಕೊನೇಲಿ ಹೇಳದೇ ಬಿಡೋ ಕತೆ ನಾವೂ ಎಷ್ಟೋ ಓದಿದೀವಿ. ಅಂಥದ್ದರಲ್ಲಿ ಗಂಟು ಹಾಕಿರ್ತಾರೆ. ಏನಾಯ್ತು ಅಂತ ಬಾಯಿಬಿಟ್ಟು ಹೇಳಿರಲ್ಲ, ಆದ್ರೆ ಕೈಗೆ ಸಿಗುತ್ತೆ. ದಾರದ ಕೊನೆಗೆ ಗಂಟು ಹಾಕಿದ್ದು ಯಾವುದು, ಕತ್ತರಿ ತಾಗಿ ತುಂಡಾದದ್ದು ಯಾವುದು ಅಂತ ನಮಗೆ ಗೊತ್ತಾಗಲ್ವಾ? ಇಪ್ಪತ್ತಾರು ವರ್ಷ ಹೊಲಿದಿದೀನಿ ನಾನು. ನಿಮ್ಮದು ತುಂಡಾದದ್ದು. …

ಇಲ್ಲ ಮೇಡಂ, ನಾನು ಹೇಳ್ತೀನಿ ಕೇಳಿ. ಆ ಪತ್ರಿಕೇಲಿ ಪ್ರತಿ ಕತೆ ಮುಗಿದ ಕಡೆ ಒಂದು ಸಣ್ಣ ಕಪ್ಪು ಚೌಕ ಹಾಕ್ತಾರೆ. ಹೌದು ತಾನೆ? ನಾನು ಆ ಚೌಕ ನೋಡಿದ ಮೇಲೇ ‘ಮುಗೀತು’ ಅಂತ ಹೇಳೋದು. ನಾನು ಮುಗೀತು ಅನ್ನೋವರೆಗೂ ಯಾರೂ ಕಾಲು ಪೆಡಲ್ ಮೇಲೆ ಇಡಲ್ಲ, ಅದು ಇಲ್ಲಿನ ಪದ್ಧತಿ. ನಿಮ್ಮ ಕತೇಲಿ ಚೌಕ ಇಲ್ಲ. ಮುಂದಿನ ಪುಟ ತಿರುಗಿಸಿದೆ, ಅಡುಗೆ. ಹಿಂದಿನ ಪುಟ ನೋಡಿದೆ. ಪುಟ ಅಂಟ್ಕೊಂಡಿದೆಯೇನೋ ಅಂತ ಪಿನ್ನು ಕಿತ್ತು ಹಾಳೆಹಾಳೆ ಬಿಡಿಸಿದೆ. ನಲವತ್ತು ಜನ ನನ್ನ ಮುಖ ನೋಡ್ತಾ ಕೂತಿದಾರೆ, ನಾನು ‘ಬೆಲ್ ಮೇಲೆ ಬೆರಳಿಟ್ಟಳು’ ಅಂತ ಹೇಳಿ ಬಾಯಿ ತೆರ್ಕೊಂಡು ಕೂತಿದೀನಿ. ಬಾವಿಗೆ ಇಳಿಸಿ ಹಗ್ಗ ಕೊಯ್ದ ಹಾಗೆ. …

ಹಲೋ? … ಇದೀರಾ? …

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಇನ್ನೂ ಒಂದು ಪುಟ ಇತ್ತು ಅಲ್ವಾ? …

ಇತ್ತಾ. … ಒಂದು ಪುಟ. … ಜಾಹೀರಾತು ದೊಡ್ಡದಾಗಿ ಬಂತು ಅಂತ ಪುಟ ಕಟ್ಟೋನು ಕೊನೇ ಹಾಳೆ ತೆಗೆದು ಪಕ್ಕಕ್ಕಿಟ್ಟ. ಸಂಪಾದಕರು ನೋಡಲೇ ಇಲ್ಲ. … ನಿಮಗೆ ಯಾವಾಗ ಗೊತ್ತಾಯ್ತು? … ಪತ್ರಿಕೆ ಕೈಗೆ ಬಂದ ದಿನವೇ. … ಫೋನ್ ಮಾಡಿ ಬೈಯೋಣ ಅಂತಿದ್ರಿ. … ಅಷ್ಟರಲ್ಲಿ ಓದುಗರ ಪತ್ರ ಬಂತು. ಎಂಥ ಧೈರ್ಯದ ಕೊನೆ, ನಮ್ಮನ್ನ ಹೊಸ್ತಿಲ ಮೇಲೆ ನಿಲ್ಲಿಸಿ ಹೋದಿರಿ ಅಂತ. … ಆಮೇಲೆ ತಿಂಗಳ ಒಳ್ಳೇ ಕತೆ ಅಂತ ಬಹುಮಾನ. …

ಥೂ. …

ಇಲ್ಲ, ನಿಮಗೇ ಹೇಳಿದ್ದು. ಆ ಸಂಪಾದಕನಿಗೂ ಒಂದು ಥೂ ಇದೆ, ಅದನ್ನ ಬೇರೆ ಕೊಡ್ತೀನಿ. ಬಹುಮಾನ ಕೊಟ್ಟ ಆ ದೊಡ್ಡ ಮನುಷ್ಯರಿಗೂ. ಅವರೆಲ್ಲಾ ಓದೋದು ಹೇಗೆ ಹೇಳಿ? ಮುಗೀತಾ ಇಲ್ವಾ ಅಂತಲೂ ಗೊತ್ತಾಗದ ಹಾಗೆ? ಕಾಲರ್ ಇಲ್ಲದ ಶರ್ಟ್ ಕೊಟ್ರೆ ಆಹಾ ಕುತ್ತಿಗೆಗೆ ಎಷ್ಟು ಗಾಳಿ ಅಂತಾರಾ ಇವರು? ಆದ್ರೆ ಅವರು ಏನೂ ತಿಳಿಯದೆ ಹೊಗಳಿದ್ರು. ನೀವು ತಿಳಿದೂ ಹೊಗಳಿಸ್ಕೊಂಡ್ರಿ. ಕೈಯಲ್ಲಿ ಹಾಳೆ ಇಟ್ಕೊಂಡು. ಅದೇ ನಂಗೆ ಅಸಹ್ಯ. …

ಪರವಾಗಿಲ್ಲ, ಅಳಬೇಡಿ. ಅಥವಾ ಅಳಿ, ನನಗೇನು. ನಂಗೆ ಬೇಕಾಗಿರೋದು ಒಂದೇ. ಬಾಗಿಲು ತೆಗೆದಳಾ ಇಲ್ವಾ? …

ಯಾಕೆ ಅಷ್ಟು ಅವಸರ ಅಂದ್ರೆ, ಕಾಜಕ್ಕನಿಗೆ ಬಸ್ಸಿದೆ. … ಕಾಗದದಲ್ಲಿ ಬರೆದಿದ್ನಲ್ಲ, ಅದೇ ಕಾಜಕ್ಕ. ಶರ್ಟಿಗೆ ಗುಂಡಿ ತೂರಿಸೋ ತೂತು ಹೊಲಿಯೋಳು. ನಮ್ಮಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಮಾತು ಕಡಿಮೆ. ಅವಳಿಗೆ ಒಬ್ಬಳು ಮಗಳಿದಾಳೆ ಅಂತಲೇ ನಮಗೆ ಗೊತ್ತಿರಲಿಲ್ಲ. ನಿಮ್ಮ ಕತೆ ಓದಿದ ದಿನ ಎಲ್ಲ ಮಷೀನೂ ನಿಂತಿತ್ತು ಅಂದೆನಲ್ಲ, ಅವಳದ್ದು ನಿಂತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಕಾಜಾ ಮಷೀನು ಸದ್ದು ಕಡಿಮೆ. ಏಳು ಕಾಜಾ ಹಾಕಬೇಕಾದ ಪಟ್ಟಿ ಮೇಲೆ ಹತ್ತೊಂಬತ್ತು ಹಾಕಿದ್ಲು ಮೇಡಂ. ಹತ್ತೊಂಬತ್ತು. ಜರಡಿ ಆಗಿತ್ತು ಆ ಶರ್ಟು. …

ಹೂಂ, ಆವತ್ತೇ ಹೇಳಿದ್ಲು. ಮಗಳಿಗೆ ಮದುವೆ ಆಗಿ ಗಂಡ ಕೈ ಮಾಡ್ತಿದ್ದ. ಮಗಳು ಒಂದು ದಿನ ಬೆಳಗ್ಗೆ ಬಟ್ಟೆ ಗಂಟು ಕಟ್ಕೊಂಡು ಅಮ್ಮನ ಮನೆಗೆ ಬಂದಳು. ಇವಳು ಬಾಗಿಲಲ್ಲೇ ನಿಲ್ಲಿಸಿ, ಹೊಂದಿಕೊಂಡು ಹೋಗು, ಅಕ್ಕಪಕ್ಕದೋರು ಏನಂತಾರೆ ಅಂತ ವಾಪಸ್ ಕಳಿಸಿದ್ಲು. ಆ ಹುಡುಗಿ ಹೊರಟು ಹೋದೋಳು ಗಂಡನ ಮನೆಗೂ ಹೋಗ್ಲಿಲ್ಲ, ಇಲ್ಲಿಗೂ ಬರಲಿಲ್ಲ. ಒಬ್ಬಳೇ ಬೇರೆ ಊರಿನಲ್ಲಿ ಔಷಧಿ ಅಂಗಡೀಲಿ ಕೆಲಸಕ್ಕೆ ಸೇರಿ, ಮಗು ಹೆತ್ತು, ಸಾಕ್ತಾ ಇದಾಳೆ. ಒಂಬತ್ತು ವರ್ಷ ಆಯ್ತು. ತಾಯಿ ಮಕ್ಕಳಾದ್ರೂ ಬಾಯಿ ಹೊಟ್ಟೆ ಬೇರೆ ಅಂತಾರೆ, ಆದ್ರೆ ಒಂಬತ್ತು ವರ್ಷ ಮೊಮ್ಮಗೂನ ನೋಡದೆ ಇರೋದು ಅಂದ್ರೆ… ಹಾಂ. …

ವಿಳಾಸ ಇದೆ, ಆ ಊರಿನ ಪರಿಚಯದೋರು ಕೊಟ್ಟದ್ದು. ಅದಕ್ಕೇ ಅವಸರ. ಮಗಳು ಆ ಮನೆ ಖಾಲಿ ಮಾಡ್ತಾಳಂತೆ, ನಾಳೆ ಬೆಳಗ್ಗೆ ಸಾಮಾನು ಹೋಗುತ್ತಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಇವತ್ತು ಹೋದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನಿಮ್ಮ ಕತೆ ಓದಿದ ಮೇಲಿನ ಐದು ವಾರದಲ್ಲಿ ಇವಳು ಎರಡು ಸಲ ರಜಾ ಬರೆದು ಎರಡು ಸಲವೂ ಹರಿದು ಹಾಕಿದ್ಲು. ಕೇಳಿದ್ರೆ, ಆ ಕತೇಲಿ ಏನಾಯ್ತು ಅಂತ ಗೊತ್ತಾಗ್ಲಿ ಓದಕ್ಕ, ಆಮೇಲೆ ಹೋಗ್ತೀನಿ ಅಂತಾಳೆ. …

ಹುಚ್ಚು ಅಂತೀರಾ? ಯಾರು ಹುಚ್ಚು? ನೀವೇ ಅಲ್ವಾ ಅವಳನ್ನ ಆ ಬಾಗಿಲವರೆಗೂ ಕರ್ಕೊಂಡು ಹೋದೋರು. ಮೂರು ಮಹಡಿ ಹತ್ತಿಸಿ. …

ಏನು? … ಏನಂದ್ರಿ? ಇನ್ನೊಂದ್ಸಲ ಹೇಳಿ. … ಅವರಿಗೆ ಯಾವ ಥರ ಮುಗಿದ್ರೆ ಒಳ್ಳೇದು ಹೇಳಿ, ಹಾಗೆ ಬರೆದು ಓದಿ ಹೇಳ್ತೀರಾ. … ಬಾಗಿಲು ತೆಗೆದು ಅಮ್ಮಾ ಅಂತ ತಬ್ಬಿಕೊಂಡಳು ಅಂತ. …

ಮೇಡಂ, ನಾನು ಇದುವರೆಗೂ ಸ್ವಲ್ಪ ಮರ್ಯಾದೆ ಇಟ್ಕೊಂಡು ಮಾತಾಡಿದೆ. ನಾವು ಕೇಳಿದ್ದು ಏನಾಯ್ತು ಅಂತ. ಏನಾಗಬೇಕಾಗಿತ್ತು ಅಂತ ಅಲ್ಲ. ಏನಾಗಬೇಕು ಅನ್ನೋದು ನಮಗೆ ಗೊತ್ತು, ನಮ್ಮ ಜೀವನ ಪೂರ್ತಿ ಅದನ್ನೇ ಅಂದ್ಕೊಂಡು ಬಂದಿದೀವಿ, ಅದನ್ನ ಓದೋಕೆ ನೀವು ಬೇಕಿಲ್ಲ. ತಬ್ಬಿಕೊಂಡಳಂತೆ. ಮೂಗಿಗೆ ತುಪ್ಪ ಸವರೋಕೆ ಬಂದ್ರಿ ನೋಡಿ. ಆ ತಾಯಿ ಚೀಲ ಕೈ ಬದಲಾಯಿಸಿದ್ದು ನಮಗೋಸ್ಕರ ಬರೆದ್ರಾ? ಅಲ್ಲ ತಾನೆ? ಹಾಗೆ ಆಯ್ತು ಅಂತ ಬರೆದ್ರಿ. ಅದಕ್ಕೇ ಕತ್ತು ಹಿಡ್ಕೊಂಡು ಕೂರಿಸ್ತು. ಈಗ ಕೊನೇಲಿ ಬಂದು ನಮ್ಮ ಇಷ್ಟ ಕೇಳ್ತೀರಾ? …

ಆ ಹಾಳೆ ಎಲ್ಲಿದೆ? … ಮನೇಲೇ ಇದೆ. ತನ್ನಿ. … ಕಾಯ್ತೀನಿ. … ಹೂಂ, ಇಡಬೇಡಿ, ಪಕ್ಕಕ್ಕಿಡಿ, ನಾನು ಇಲ್ಲೇ ಇರ್ತೀನಿ. …

ಕೊನೇ ಹಾಳೆ ತರೋಕೆ ಹೋದ್ಲು ಕಣ್ರೇ. ಇದೆಯಂತೆ. ಹತ್ರ ಬನ್ನಿ ಎಲ್ಲಾರೂ, ಫೋನಿನ ವೈರು ಇಷ್ಟೇ ಬರೋದು. ಕಾಜಕ್ಕ, ನೀನು ಮುಂದೆ ಬಾ. ಚೀಲ ಕೆಳಗಿಡು, ಯಾರೂ ಕಿತ್ಕೊಳ್ಳಲ್ಲ. ಅಜ್ಜಿ, ಇಸ್ತ್ರಿ ಪೆಟ್ಟಿಗೆ ಎತ್ತಿಡು, ಬಟ್ಟೆ ಸುಟ್ಟೀತು.

ಹಾಂ, ಇದೀನಿ. ಓದಿ. ನೀವು ಹೇಳಿದ್ದನ್ನ ನಾನು ಗಟ್ಟಿಯಾಗಿ ಹೇಳ್ತೀನಿ. ನಿಧಾನ. …

‘ಬೆಲ್ ಒತ್ತಿದಳು.’ … ‘ಒಳಗೆ ಪಾತ್ರೆ ತೊಳೆಯುವ ನಲ್ಲಿಯ ಸದ್ದು ನಿಂತಿತು.’ … ‘ಯಾರೂ ಬರಲಿಲ್ಲ. ಅವಳು ಎರಡನೆಯ ಸಲ ಒತ್ತಿದಳು.’ … ಹೂಂ. … ‘ಒಳಗೆ ಮಗಳು ಒದ್ದೆ ಕೈಯಲ್ಲೇ ಬಂದು ಬಾಗಿಲಿನ ಸಣ್ಣ ಗಾಜಿಗೆ ಕಣ್ಣಿಟ್ಟಳು.’ … ‘ಅಮ್ಮನ ನೆತ್ತಿ ಕಾಣಿಸಿತು. ಬೈತಲೆಯ ಹತ್ತಿರ ಕೂದಲು ಪೂರ್ತಿ ಬಿಳಿಯಾಗಿತ್ತು.’ …

ಓದಿ. ನಿಲ್ಲಿಸಬೇಡಿ. … ‘ಅಮ್ಮ ಮೂರನೆಯ ಸಲ ಒತ್ತಿದಳು. ಮಗಳು ಉಸಿರು ಬಿಗಿಹಿಡಿದು ನಿಂತಳು. ಅಮ್ಮ ಚೀಲವನ್ನು ಕೆಳಗಿಟ್ಟಳು, ಸ್ವಲ್ಪ ಹೊತ್ತು ನಿಂತಳು, ಮತ್ತೆ ಎತ್ತಿಕೊಂಡಳು.’ … ‘ಹೆಜ್ಜೆ ಸದ್ದು ಕೆಳಗಿನ ಮಹಡಿಗೆ ಇಳಿಯುವವರೆಗೂ ಕಾದು, ಮಗಳು ಹೋಗಿ ಮತ್ತೆ ನಲ್ಲಿ ತಿರುಗಿಸಿದಳು.’ …

ಅಷ್ಟೇನಾ? … ಅಷ್ಟೇ. …

ಮುಗೀತು ಕಣ್ರೇ. …

ಮೇಡಂ, ಒಂದು ಮಾತು. ಕತೆ ಪೂರ್ತಿ ಅಮ್ಮನ ಜೊತೆಗೇ ಮೆಟ್ಟಿಲು ಹತ್ತಿಕೊಂಡು ಬಂದಿದ್ದು. ಕೊನೇ ಪುಟದಲ್ಲಿ ದಡಕ್ಕಂತ ಒಳಗೆ ಹೋಯ್ತು. ಆ ನಲ್ಲಿ ಸದ್ದು, ಒದ್ದೆ ಕೈ, ಬೈತಲೆ ಹತ್ರದ ಬಿಳಿ ಕೂದಲು. ಅದನ್ನೆಲ್ಲಾ ಕೂತ್ಕೊಂಡು ಕಟ್ಟಿದ್ದಲ್ಲ. ಒಳಗಿದ್ದದ್ದು ನೀವೇ ಅಲ್ವಾ? …

ಹೂಂ. … ಇಪ್ಪತ್ತು ವರ್ಷದ ಹಿಂದೆ. … ಅದಕ್ಕೇ. ಹಾಳೆ ಬಿದ್ದುಹೋದದ್ದು ನಿಮಗೂ ಒಳ್ಳೇದೇ ಆಯ್ತು. ಇಪ್ಪತ್ತು ವರ್ಷ ಆದ ಮೇಲೆ ಕಷ್ಟಪಟ್ಟು ಒಂದು ಪುಟ ನಿಜ ಬರೆದ್ರಿ, ಅದನ್ನೂ ಬಚ್ಚಲ ಹಾಸುಗಲ್ಲು ನುಂಗಿತು ಅಂತ ನೆಮ್ಮದಿಯಾಗಿ ಕೂತ್ರಿ. ಎಂಥ ಜನಾ ಮೇಡಂ ನೀವು. …

ನಿಮ್ಮ ಅಮ್ಮ ಈಗ? … ಯಾವಾಗ ತೀರ್ಕೊಂಡ್ರು? … ಅದಾಗಿ ನಾಲ್ಕು ವರ್ಷಕ್ಕೆ. … ನೋಡಲಿಲ್ವಾ ಮತ್ತೆ? … ಹೂಂ. …

ಅಯ್ಯೋ ಅನ್ನಿಸ್ತು, ಸುಳ್ಳು ಹೇಳಲ್ಲ. ಆದ್ರೂ ಅಸಹ್ಯ ಹೋಗ್ಲಿಲ್ಲ. ಎರಡೂ ಇದೆ, ಒಟ್ಟಿಗೆ ಇದೆ. …

ಒಂದು ನಿಮಿಷ, ಕಾಜಕ್ಕ ಏನೋ ಕೇಳ್ತಿದಾಳೆ. ಏನಕ್ಕ? … ಎಷ್ಟು ಹೊತ್ತು ನಿಂತಿದ್ಲು ಅಂತ ಕೇಳ್ಬೇಕಾ?

ಮೇಡಂ, ನಿಮ್ಮಮ್ಮ ಬಾಗಿಲ ಹತ್ರ ಒಟ್ಟು ಎಷ್ಟು ಹೊತ್ತು ನಿಂತಿದ್ರು? ಸರಿಯಾಗಿ ಹೇಳಿ, ಕತೆಗೆ ಅಂತ ಹೆಚ್ಚು ಕಡಿಮೆ ಮಾಡಬೇಡಿ. … ಕಾಲು ಗಂಟೆ. ಕಾಲು ಗಂಟೆಯಂತೆ ಅಕ್ಕ. … ಇನ್ನೂ ಏನು? … ಮಾರನೇ ದಿನ ಬಂದ್ರಾ ಅಂತ ಕೇಳ್ತಾಳೆ. … ಇಲ್ಲ. ಅದೊಂದೇ ಸಲ ಬಂದದ್ದಂತೆ. … ಏನಕ್ಕ? ಗಟ್ಟಿಯಾಗಿ ಹೇಳು. …

ಮತ್ತೆ ಇನ್ನೊಂದು ಕಾಲು ಗಂಟೆ ನಿಂತಿದ್ರೆ ನೀವು ತೆಗೀತಿದ್ರಾ ಅಂತ ಕೇಳ್ತಿದಾಳೆ ಮೇಡಂ. …

ಯೋಚನೆ ಮಾಡಿ ಹೇಳಿ. ಇದು ಯೋಚನೆ ಮಾಡಬೇಕಾದ ಜಾಗವೇ. …

ತೆಗೀತಿದ್ದೆ ಅಂತಾಳೆ ಅಕ್ಕ. … ಏನು? ಕೈ ಚಿಲಕದ ಮೇಲೇ ಇತ್ತಾ? … ಕೈ ಚಿಲಕದ ಮೇಲಿತ್ತಂತೆ ಕಣಕ್ಕ. ಅದನ್ನ ಯಾಕೆ ಬರೀಲಿಲ್ಲ ನೀವು? … ಬರೆದ್ರೆ ತನ್ನನ್ನ ತಾನು ಕ್ಷಮಿಸ್ಕೊಂಡ ಹಾಗಾಗುತ್ತೆ ಅಂತ. … ಹಾಂ. ಅದು ಸರಿ. ಅಷ್ಟು ಮಟ್ಟಿಗೆ ನೀವು ಕತೆ ಬರೆಯೋರೇ. …

ಏ, ಎಲ್ಲಿ ಹೊರಟೆ? ಅಕ್ಕ? … ಆ ಸ್ಟೂಲ್ ಯಾಕೆ ಎತ್ಕೊಂಡೆ? ಅದು ಕಾಜಾ ಮಷೀನಿನ ಸ್ಟೂಲ್ ಅಲ್ವಾ, ಬಸ್ಸಿನಲ್ಲಿ ಎಲ್ಲಿ ಇಡ್ತೀಯಾ? …

ಕೇಳಿದ್ರಾ ಮೇಡಂ? ಸ್ಟೂಲ್ ತಗೊಂಡು ಹೊರಟ್ಳು. ದಿನಾ ಒಂಬತ್ತು ಗಂಟೆ ತೂತು ನೋಡ್ತಾ ಕೂತವಳು ನಾನು, ಬಾಗಿಲು ನೋಡ್ತಾ ಕೂರೋದು ಏನು ದೊಡ್ಡದು, ಸಾಮಾನು ಹೊರಗೆ ತರೋಕಾದ್ರೂ ಬೆಳಗ್ಗೆ ತೆಗೀಲೇಬೇಕಲ್ಲ ಅಂತಾಳೆ. … ಇಲ್ಲ, ನಗ್ತಿಲ್ಲ ಯಾರೂ. ಇಬ್ಬರು ಚೀಲ ಹಿಡ್ಕೊಂಡು ಜೊತೆಗೆ ಓಡಿದ್ರು, ಬಸ್ ಸ್ಟ್ಯಾಂಡಿನವರೆಗೂ. ಸೂಪರ್‌ವೈಸರ್ ಬಂದ್ರೆ ಬೈಸ್ಕೋತೀನಿ ನಾನು. …

ನೋಡಿ, ನೀವು ಆ ತಬ್ಬಿಕೊಳ್ಳೋ ಕೊನೆ ಹೇಳಿದ್ರೆ ಇವಳು ಬೆಲ್ ಒತ್ತಿ, ಎರಡು ನಿಮಿಷ ಕಾದು, ಕತೇಲಿ ಹಾಗಾಯ್ತು ನಂಗೆ ಹೀಗಾಯ್ತು ಅಂತ ಅತ್ಕೊಂಡು ವಾಪಸ್ ಬರ್ತಿದ್ಲು. ಐದು ವಾರದ ಹಿಂದೆಯೇ ಆ ಪುಟ ಬಂದಿದ್ರೆ ಎಂದೋ ಹೋಗಿರ್ತಿದ್ಲು. ಅದಕ್ಕೇ ನಂಗೆ ನಿಮ್ಮ ಮೇಲೆ ಇನ್ನೂ… ಹೋಗ್ಲಿ ಬಿಡಿ. ಇಡ್ತೀನಿ ನಾನು. …

ಏನು? … ಜೋರಾಗಿ ಹೇಳಿ, ಮತ್ತೆ ಮಷೀನ್ ಶುರು ಆಯ್ತು. … ಸೋಮವಾರ ಫೋನ್ ಮಾಡ್ಲಾ ಅಂತೀರಾ? ಯಾಕೆ? …

ಬಾಗಿಲು ತೆಗೆದಳಾ ಇಲ್ವಾ ಅಂತ ನಿಮಗೂ ಗೊತ್ತಾಗಬೇಕಾ? …

ರಾತ್ರಿ ನಿದ್ದೆ ಬರಲ್ಲ ಅಂತೀರಾ? … ಮೇಡಂ, ಐದು ವಾರ. ಇಲ್ಲಿ ನಲವತ್ತು ಜನ ಐದು ವಾರ ಹೀಗೇ ಇದ್ವಿ. …

ಇಲ್ಲ, ಫೋನಲ್ಲಿ ಹೇಳಲ್ಲ. ಸೋಮವಾರ ಎರಡು ಗಂಟೆಗೆ ಇಲ್ಲಿಗೆ ಬನ್ನಿ. ಬರೋವಾಗ ಆ ಹಾಳೆ ತನ್ನಿ. ಕಾಜಕ್ಕ ಬಂದಿರ್ತಾಳೆ, ಬಾಗಿಲು ತೆಗೆದಿದ್ರೂ ತೆಗೀದೇ ಇದ್ರೂ ಅವಳೇ ಹೇಳ್ತಾಳೆ. ಅದಕ್ಕೂ ಮುಂಚೆ ನೀವು ಮೇಜು ಹತ್ತಿ, ನಮ್ಮ ಮುಖ ನೋಡ್ಕೊಂಡು, ಒಳಗೆ ನಿಂತಿದ್ದೋಳು ನಾನೇ ಅಂತ ಹೇಳಿ ಆ ಪುಟ ಓದಬೇಕು. …

ಹಲೋ? … ಬರ್ತೀರಾ ಅಂತ ಕೇಳ್ದೆ. … ಹಲೋ, ಮೇಡಂ? ಉಸಿರಾಡ್ತಿರೋದು ಕೇಳಿಸ್ತಾ ಇದೆ ನಂಗೆ, ಅಲ್ಲೇ ಇದೀರಿ. ಬರ್ತೀರಾ, ಇಲ್…